ಜಗಲಿಯ ಮೇಲೆ ಅಪ್ಪು: ಬನಹಟ್ಟಿಯ ಒಂದು ನೇಕಾರ ಮನೆಯ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ಒಂದು ನೇಕಾರ ಮನೆಯಿದೆ. ಮುಂದಿನ ಪಡಸಾಲೆಯಲ್ಲಿ ಎರಡು ವಿದ್ಯುತ್ ಮಗ್ಗಗಳು, ಅವುಗಳ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಮೂರು ಮೆಟ್ಟಿಲಿನ ದೇವರ ಜಗಲಿ. ನಟ ಪುನೀತ್ ರಾಜ್‌ಕುಮಾರ್ ಅವರ ಒಂದು ಫೋಟೊ ಆ ಜಗಲಿಗೆ ಏರಬೇಕೇ, ಏರುವುದಾದರೆ ಯಾವ ಮೆಟ್ಟಿಲಿಗೆ ಏರಬೇಕು ಎಂಬ ವಿಚಾರವಾಗಿ ಅಲ್ಲಿ ತಾಯಿ ಮತ್ತು ಮಗನ ನಡುವೆ ಸುಮಾರು ಒಂದು ವರ್ಷ ನಡೆದ ಜಗ್ಗಾಟವೇ ಈ ಪ್ರಕರಣ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲೀ ಓಣಿಯ ಹೆಸರನ್ನಾಗಲೀ ಬಳಸಿಲ್ಲ.

ಸಿನಿಮಾ ಅಭಿಮಾನವನ್ನು ಧರ್ಮಕ್ಕೆ ಹೋಲಿಸಬಹುದೇ ಎಂಬ ಪ್ರಶ್ನೆ ಬಂದಾಗಲೆಲ್ಲ ಜನರು ಕಟೌಟಿಗೆ ಸುರಿಯುವ ಹಾಲನ್ನು, ಚಿತ್ರಮಂದಿರದ ಮುಂದಿನ ಡೊಳ್ಳು ಮತ್ತು ಪಟಾಕಿಯನ್ನು, ಅಂತ್ಯಯಾತ್ರೆಯ ಜನಸಾಗರವನ್ನು ತೋರಿಸುತ್ತಾರೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1912ರಲ್ಲಿ ಧರ್ಮದ ಮೂಲವನ್ನು ಹುಡುಕುತ್ತಾ ಹೋದದ್ದೂ ಇಂಥ ಕಡೆಗೇ. ಜನ ಒಂದೆಡೆ ಸೇರಿದಾಗ ಉಕ್ಕುವ ಭಾವಾವೇಶ, ಪವಿತ್ರವಾದದ್ದನ್ನು ಲೌಕಿಕದಿಂದ ಬೇರ್ಪಡಿಸಿ ಇಡುವ ರೀತಿ, ಆ ಪವಿತ್ರದ ಸುತ್ತ ಕಟ್ಟಿಕೊಳ್ಳುವ ನೈತಿಕ ಸಮುದಾಯ, ಇವು ಮೂರೂ ಇದ್ದಲ್ಲಿ ಧರ್ಮವಿದೆ ಎಂಬುದು ಅವರ ವಾದದ ತಿರುಳು. ಆ ಅಳತೆಯಲ್ಲಿ ಅಳೆದರೆ ಅಭಿಮಾನಿ ಬಳಗವೂ ಧರ್ಮವೇ ಆಗುತ್ತದೆ. ಆದರೆ ಜಾತ್ರೆಯಲ್ಲಿ, ಚುನಾವಣೆಯ ಸಭೆಯಲ್ಲಿ, ಕ್ರಿಕೆಟ್ ಮೈದಾನದಲ್ಲಿ ಜನಸಂದಣಿಯ ಮುಖ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಹೋಲಿಕೆಯನ್ನು ಅಲ್ಲಿ ಮಾಡಿದರೆ ಸಿಗುವ ಉತ್ತರ ಬಹಳ ಸುಲಭದ್ದಾಗುತ್ತದೆ. ಅಡುಗೆಮನೆಯ ಮೂಲೆಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಒಂದು ಫೋಟೊವನ್ನು ಎಲ್ಲಿ ಇಡಬೇಕೆಂದು ಮನೆಯವರೇ ನಿರ್ಧರಿಸುವಾಗ ಆ ಹೋಲಿಕೆಯನ್ನು ಅವರೇ ಮಾಡುತ್ತಿರುತ್ತಾರೆ. ನಾನು ಈ ಮನೆಯನ್ನು ಆರಿಸಿಕೊಂಡದ್ದು ಆ ಕಾರಣಕ್ಕೆ.

ಮಗನಿಗೆ ಆಗ ಮೂವತ್ತನಾಲ್ಕು ವರ್ಷ. ಸೀರೆಗೆ ಇಷ್ಟು ಎಂದು ಕೂಲಿ ಎಣಿಸುವ ನೇಕಾರ. ಹೆಂಡತಿ ಕಂಡಕಿ, ಅಂದರೆ ಲಾಳಿಗೆ ಹಾಕುವ ನೂಲಿನ ಉರುಳೆ, ಸುತ್ತುತ್ತಾರೆ. ಐದು ವರ್ಷದ ಮಗಳಿದ್ದಾಳೆ. ತಾಯಿಗೆ ಅರವತ್ತೈದು ದಾಟಿದೆ. ಕೊರಳಲ್ಲಿ ಇಷ್ಟಲಿಂಗವಿದೆ, ದಿನವೂ ಸ್ನಾನವಾದ ಮೇಲೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಪೂಜಿಸದೆ ಬಾಯಿಗೆ ಒಂದು ಗುಟುಕು ಚಹಾ ಕೂಡ ಹಾಕುವುದಿಲ್ಲ.

2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಬನಹಟ್ಟಿಗೂ ಬಂತು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು ಎಂದು ಸೊಸೆ ಹೇಳುತ್ತಾರೆ. ಎರಡು ದಿನ ಬಿಟ್ಟು, ಬೆಂಗಳೂರಿನ ಕಂಠೀರವ ಸ್ಟುಡಿಯೊದಲ್ಲಿ ತಂದೆ-ತಾಯಿಯ ಸಮಾಧಿಯ ಬಳಿ ಅವರ ಅಂತ್ಯಕ್ರಿಯೆ ನಡೆದ ದಿನ, ಈ ಮನೆಯ ಮಗ ಗೆಳೆಯರೊಂದಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದರು. ತಾಯಿ ಸಿಟ್ಟಾದದ್ದು ಮೊದಲು ಆಗ.

"ನಿಮ್ಮಪ್ಪ ಹೋದಾಗ ತಲಿ ಬೋಳಿಸಿದೇನು? ಇಲ್ಲ. ನಮ್ಮಲ್ಲಿ ಸೂತಕಾನ ಇಲ್ಲ, ಇದೆಲ್ಲಿಂದ ತಂದಿ?" ಎಂದು ಅವರು ಕೇಳಿದರಂತೆ.

ಈ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಸೂತಕವನ್ನು ತಳ್ಳಿಹಾಕಿದ್ದರು; ಸತ್ತ ಮನೆಯಲ್ಲಿ ಮೈಲಿಗೆ ಹಿಡಿಯದಿರುವುದು ಆ ತಾಯಿಯ ಪಾಲಿಗೆ ಧರ್ಮದ ಒಂದು ಭಾಗ. ಮಗ ತನ್ನ ದುಃಖವನ್ನು ತೋರಿಸಲು ಬೇರೆ ಸಂಪ್ರದಾಯದ ಆಚರಣೆಯೊಂದನ್ನು ಎತ್ತಿಕೊಂಡು ಬಂದಿದ್ದರು, ಮತ್ತು ಹಾಗೆ ಎತ್ತಿಕೊಳ್ಳಲು ಅವರಿಗೆ ಯಾವ ಅಡ್ಡಿಯೂ ಕಾಣಲಿಲ್ಲ. ಅಭಿಮಾನವು ಕೇಶಮುಂಡನವನ್ನು ಒಂದು ಕಡೆಯಿಂದ, ಮೇಣದ ಬತ್ತಿಯನ್ನು ಇನ್ನೊಂದು ಕಡೆಯಿಂದ, ಅನ್ನಸಂತರ್ಪಣೆಯನ್ನು ಮಗದೊಂದು ಕಡೆಯಿಂದ ತೆಗೆದುಕೊಳ್ಳುತ್ತದೆ. 2023ರಲ್ಲಿ ಹೊಸಪೇಟೆಯ ಅಭಿಮಾನಿಗಳು ಅಯ್ಯಪ್ಪ ಮಾಲೆಯ ಮಾದರಿಯಲ್ಲಿ ಅಪ್ಪು ಮಾಲೆ ಧರಿಸಲು ಮುಂದಾದದ್ದೂ ಇದೇ ದಾರಿಯಲ್ಲಿ. ಹೀಗೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುವ ಗುಣ ಅಭಿಮಾನಕ್ಕಿದೆ. ಒಂದು ಧರ್ಮವನ್ನು ಪಾಲಿಸುವವರಿಗೆ ಮಾಡಬೇಕಾದದ್ದು ಎಷ್ಟು ಗೊತ್ತಿರುತ್ತದೆಯೋ ಮಾಡಬಾರದ್ದೂ ಅಷ್ಟೇ ಗೊತ್ತಿರುತ್ತದೆ. ಆ ತಾಯಿಯ ಸಿಟ್ಟಿನಲ್ಲಿ ಇದ್ದದ್ದು ಆ ತಿಳಿವಳಿಕೆ.

ತಲೆಯ ಕೂದಲು ಮತ್ತೆ ಬೆಳೆಯಿತು, ಆ ಮಾತು ಅಲ್ಲಿಗೆ ಮುಗಿಯಿತು. ಫೋಟೊದ ಮಾತು ಮುಗಿಯಲಿಲ್ಲ.

ಜಗಲಿಯ ಮೇಲಿನ ಮೆಟ್ಟಿಲಿನಲ್ಲಿ ಮನೆದೇವರು ವೀರಭದ್ರ ಮತ್ತು ಸವದತ್ತಿಯ ಯಲ್ಲಮ್ಮ ಇದ್ದಾರೆ. ನಡುವಿನದರಲ್ಲಿ ಬಸವಣ್ಣನವರ ಫೋಟೊ, ಪಕ್ಕದಲ್ಲಿ ಮನೆತನದ ಗುರುಗಳದು. ಕೆಳಗಿನ ಮೆಟ್ಟಿಲು ವರ್ಷದ ಹೆಚ್ಚಿನ ದಿನ ಖಾಲಿ. ವಿಭೂತಿ ಗಟ್ಟಿ, ಊದಿನಕಡ್ಡಿಯ ಪೊಟ್ಟಣ, ಎಣ್ಣೆಯ ಗಿಂಡಿಯನ್ನು ಅಲ್ಲಿಡುತ್ತಾರೆ. ತೀರಿಕೊಂಡ ಹಿರಿಯರ ಫೋಟೊಗಳು ಪಕ್ಕದ ಗೋಡೆಯ ಮೊಳೆಗೆ ತೂಗುತ್ತವೆ ಮತ್ತು ಮಹಾಲಯ ಅಮಾವಾಸ್ಯೆಯ ದಿನ ಮಾತ್ರ ಇಳಿದು ಆ ಕೆಳಗಿನ ಮೆಟ್ಟಿಲಿಗೆ ಬರುತ್ತವೆ. ಮಗ ಅಪ್ಪುವಿನ ಫೋಟೊವನ್ನು ಚೌಕಟ್ಟು ಹಾಕಿಸಿ ತಂದು ನಡುವಿನ ಮೆಟ್ಟಿಲಿನಲ್ಲಿ, ಬಸವಣ್ಣನವರ ಎಡಕ್ಕೆ ಇಟ್ಟರು. ಮರುದಿನ ಬೆಳಿಗ್ಗೆ ಅದು ಮಗ್ಗದ ಮೇಲಿನ ಗೋಡೆಯಲ್ಲಿತ್ತು. ಮಗ ಮತ್ತೆ ಜಗಲಿಗೆ ತಂದರು, ತಾಯಿ ಮತ್ತೆ ಮಗ್ಗದ ಮನೆಗೆ ಕಳಿಸಿದರು. ಇಬ್ಬರೂ ಜಗಳವಾಡಲಿಲ್ಲ, ಫೋಟೊ ಮಾತ್ರ ಓಡಾಡುತ್ತಿತ್ತು ಎಂದು ಸೊಸೆ ನೆನಪಿಸಿಕೊಂಡರು.

ಈ ಓಡಾಟ ನಡೆದಿದ್ದ ಕಾಲದಲ್ಲಿಯೇ ನಾನು ಆ ಮನೆಗೆ ಮೊದಲ ಸಲ ಹೋದದ್ದು. ಓಣಿಯ ಮೂಲೆಯಲ್ಲಿ ಯುವಕರು ಕಟ್ಟಿದ್ದ ಫ್ಲೆಕ್ಸ್ ಆಗಲೂ ಇತ್ತು. ಕೆಳಭಾಗದಲ್ಲಿ ಪುನೀತ್ ನಗುತ್ತಾ ನಿಂತಿದ್ದರು, ಸುತ್ತ ಹಣ ಕೂಡಿಸಿದ ಇಪ್ಪತ್ತೆರಡು ಹುಡುಗರ ಸಣ್ಣ ಸಣ್ಣ ಮುಖಗಳು. ನಡುಭಾಗದಲ್ಲಿ ಅವರು ಬೆನ್ನು ತಿರುಗಿಸಿ ಮೋಡಗಳ ಮೆಟ್ಟಿಲು ಹತ್ತುತ್ತಿದ್ದರು, ಎರಡೂ ಬದಿಯಲ್ಲಿ ಬಿಳಿ ಪಾರಿವಾಳ. ಮೇಲೆ, ಬೆಳಕಿನ ಪ್ರಭೆಯೊಳಗೆ, 2006ರಲ್ಲಿ ತೀರಿಕೊಂಡ ತಂದೆ ಡಾ. ರಾಜ್‌ಕುಮಾರ್ ಮತ್ತು 2017ರಲ್ಲಿ ತೀರಿಕೊಂಡ ತಾಯಿ ಪಾರ್ವತಮ್ಮ ಕೈಚಾಚಿ ಕರೆಯುತ್ತಿದ್ದರು.

ಅದನ್ನು ನೋಡುತ್ತಾ ನಿಂತಾಗ ನನಗೆ ನೆನಪಾದದ್ದು ನಮ್ಮ ಸೀಮೆಯ ವೀರಗಲ್ಲುಗಳು. ಊರ ಹೊರಗಿನ ಹನುಮಪ್ಪನ ಗುಡಿಯ ಪಕ್ಕದಲ್ಲಿ, ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಅವು ಇಂದಿಗೂ ನಿಂತಿವೆ. ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ವೀರನು ತುರುಗಳನ್ನು ಬಿಡಿಸಲೋ ಊರನ್ನು ಉಳಿಸಲೋ ಹೋರಾಡಿ ಮಡಿಯುವ ದೃಶ್ಯ, ನಡುವೆ ದೇವಕನ್ಯೆಯರು ಅವನನ್ನು ಮೇಲಕ್ಕೆ ಒಯ್ಯುವ ದೃಶ್ಯ, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕುಳಿತಿರುವ ದೃಶ್ಯ. ಫ್ಲೆಕ್ಸ್ ಮಾಡಿದ ಹುಡುಗ ಯಾವ ವೀರಗಲ್ಲನ್ನೂ ನೋಡಿ ಮಾಡಿದವನಲ್ಲ. ಕಂಪ್ಯೂಟರಿನಲ್ಲಿ ಸಿದ್ಧವಿದ್ದ ಮೋಡ ಮತ್ತು ಪಾರಿವಾಳಗಳನ್ನು ಜೋಡಿಸಿದ್ದ. ಆದರೂ ಸತ್ತ ಪ್ರೀತಿಪಾತ್ರನನ್ನು ನೆಲದಿಂದ ಮೇಲಕ್ಕೆ ಮೂರು ಹಂತದಲ್ಲಿ ಕಳಿಸಿಕೊಡುವ ರೀತಿ ಈ ನೆಲದಲ್ಲಿ ಸಾವಿರ ವರ್ಷಕ್ಕೂ ಹಳೆಯದು, ಮತ್ತು ಅದು ಕಲ್ಲಿನಿಂದ ಪ್ಲಾಸ್ಟಿಕ್ಕಿಗೆ ಬಂದಾಗಲೂ ತನ್ನ ಆಕಾರವನ್ನು ಉಳಿಸಿಕೊಂಡಿದೆ.

ಒಂದು ತೊಡಕು ಉಳಿಯುತ್ತದೆ. ವೀರಗಲ್ಲಿನ ವೀರ ಊರಿಗಾಗಿ ಸತ್ತವನು. ಅಂಥ ಸಾವು ಪುನೀತ್ ಅವರದಲ್ಲ. ಈ ಕೊರತೆಯನ್ನು ಅಭಿಮಾನಿಗಳು ತಾವೇ ಬೇಗ ಕಂಡುಕೊಂಡರು ಎಂದು ನನಗನಿಸುತ್ತದೆ. ಪುನೀತ್ ತೀರಿಕೊಂಡ ವಾರದಲ್ಲಿಯೇ ಜನರ ಬಾಯಲ್ಲಿ ಸಿನಿಮಾದ ಮಾತು ಹಿಂದೆ ಸರಿದು, ಮೈಸೂರಿನ ಆಶ್ರಯಧಾಮವಾದ ಶಕ್ತಿಧಾಮದ ಮಕ್ಕಳ ಮಾತು, ಸದ್ದಿಲ್ಲದೆ ಮಾಡಿದ ಸಹಾಯದ ಮಾತು, ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣಿನ ಮಾತು ಮುಂದೆ ಬಂತು. ತಂದೆಯಂತೆ ಮಗನ ಕಣ್ಣುಗಳನ್ನೂ ದಾನ ಮಾಡಲಾಯಿತು; ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳ ಪದರಗಳನ್ನು ಬಿಡಿಸಿ ನಾಲ್ವರಿಗೆ ಜೋಡಿಸಿದರು. ಓಣಿಯ ಫ್ಲೆಕ್ಸಿನ ಅಡಿಬರಹದಲ್ಲಿಯೂ ಚಿತ್ರದ ಹೆಸರಿರಲಿಲ್ಲ, "ನಾಲ್ಕು ಜನರಿಗೆ ಬೆಳಕಾದ ಅಪ್ಪು" ಎಂದಿತ್ತು. ಕೆಳಗಿನ ಅಂತಸ್ತಿನಲ್ಲಿ ಇರಬೇಕಾದ ವೀರಕಾರ್ಯದ ಜಾಗವನ್ನು ಅವರು ಕಣ್ಣುದಾನದಿಂದ ತುಂಬಿದ್ದರು.

2022ರ ಸೆಪ್ಟೆಂಬರ್ 25ರಂದು ಮಹಾಲಯ ಅಮಾವಾಸ್ಯೆ ಬಂತು. ಅಂದು ನಾನು ಆ ಮನೆಯಲ್ಲಿದ್ದೆ. ತಾಯಿ ಗೋಡೆಯಿಂದ ಮಾವ, ಅತ್ತೆ, ಗಂಡನ ಫೋಟೊಗಳನ್ನು ಇಳಿಸಿ, ಒದ್ದೆ ಅರಿವೆಯಿಂದ ಒರೆಸಿ, ಕೆಳಗಿನ ಮೆಟ್ಟಿಲಿನಲ್ಲಿ ಸಾಲಾಗಿ ಇಟ್ಟರು. ಹೊಸ ಸೀರೆ, ಧೋತರ ಮಡಚಿ ಮುಂದಿಟ್ಟರು. ಆಮೇಲೆ ಮಗ್ಗದ ಮನೆಗೆ ಹೋಗಿ ಅಪ್ಪುವಿನ ಫೋಟೊವನ್ನು ತಾವೇ ತಂದರು. ಗಂಡನ ಫೋಟೊದಿಂದ ಒಂದು ಗೇಣು ಬಿಟ್ಟು, ಸಾಲಿನ ಕೊನೆಯಲ್ಲಿ ಅದನ್ನು ಇಟ್ಟರು. ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಎಡೆ ಹಾಕುವ ಹೊತ್ತಿಗೆ ತಾಯಿ ಕೇಳಿದರು: "ಅವಂಗೇನ್ ಸೇರ್ತಿತ್ತು?"

ಹಿರಿಯರ ಎಡೆಗೆ ಅವರವರಿಗೆ ಸೇರುತ್ತಿದ್ದದ್ದನ್ನು ಮಾಡುವುದು ಪದ್ಧತಿ. ಗಂಡನಿಗೆ ಶೇಂಗಾ ಹೋಳಿಗೆ, ಅತ್ತೆಗೆ ಕಡಬು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯವ್ವಾ, ಅವ್ರಿಗೆ ಬಿರಿಯಾನಿ ಭಾಳ ಸೇರ್ತಿತ್ತು," ಎಂದರು. ಅದು ನಿಜವೇ, ಪುನೀತ್ ಅವರ ಮಾಂಸದೂಟದ ಪ್ರೀತಿ ನಾಡಿಗೆಲ್ಲ ಗೊತ್ತಿದ್ದದ್ದು. ತಾಯಿ ಒಂದು ಕ್ಷಣವೂ ಯೋಚಿಸಲಿಲ್ಲ.

"ನಮ್ಮ ಮನಿಗೆ ಬಂದ ಮ್ಯಾಲೆ ನಮ್ಮ ಮನಿ ಊಟಾನ ಉಣಬೇಕು," ಎಂದು ಒಂದು ಶೇಂಗಾ ಹೋಳಿಗೆ, ಒಂದು ಚಮಚ ತುಪ್ಪ ಹಾಕಿ ಎಡೆ ಇಟ್ಟರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಆ ಎಡೆಯಲ್ಲಿದೆ. ದೇವರಿಗೆ ಎಲ್ಲರ ಮನೆಯಲ್ಲೂ ಅವನವನ ನೈವೇದ್ಯವುಂಟು. ಮನೆಯವರು ಅದನ್ನು ತಮ್ಮ ಇಷ್ಟದಂತೆ ಬದಲಾಯಿಸುವುದಿಲ್ಲ. ಇಲ್ಲಿ ಬಂದವರು ಮನೆಯ ಕಟ್ಟಳೆಗೆ ಒಳಗಾದರು, ಮತ್ತು ಒಳಗಾದದ್ದರಿಂದಲೇ ಮನೆಯವರಾದರು. ತಾಯಿ ಅಪ್ಪುವನ್ನು ದೇವರ ಮೆಟ್ಟಿಲಿಗೂ ಗುರುವಿನ ಮೆಟ್ಟಿಲಿಗೂ ಏರಿಸಲಿಲ್ಲ, ಗೋಡೆಯ ಮೇಲಿನ ಅಲಂಕಾರವೆಂದೂ ಬಿಡಲಿಲ್ಲ; ಅಕಾಲದಲ್ಲಿ ಹೋದ ಮನೆಮಗನೊಬ್ಬನಿಗೆ ಸಲ್ಲುವ ಜಾಗವನ್ನು ಕೊಟ್ಟರು. ಅಭಿಮಾನ ಧರ್ಮವೋ ಅಲ್ಲವೋ ಎಂದು ಕೇಳುವ ನಾವು ದೇವರು ಮತ್ತು ಮನುಷ್ಯ ಎಂಬ ಎರಡೇ ಖಾನೆಗಳನ್ನು ಇಟ್ಟುಕೊಂಡು ಕೇಳುತ್ತೇವೆ. ಆ ಜಗಲಿಗೆ ಮೂರು ಮೆಟ್ಟಿಲುಗಳಿದ್ದವು.

ಮಗನ ದೃಷ್ಟಿಯಿಂದ ಇದು ಸಾಕಾಗಿತ್ತೇ ಎಂದು ನಂತರ ಕೇಳಿದೆ. ಅವರ ಉತ್ತರ ನಾನು ನಿರೀಕ್ಷಿಸಿದ ದಿಕ್ಕಿನಿಂದ ಬರಲಿಲ್ಲ. ಆ ವರ್ಷ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಜ್ವರ ಬಂದು ಐದು ದಿನ ಆಸ್ಪತ್ರೆಯಲ್ಲಿ ಇಡಬೇಕಾಗಿತ್ತು. ಹೆಂಡತಿ ಯಲ್ಲಮ್ಮನಿಗೆ ಹರಕೆ ಹೊತ್ತರು, ತಾಯಿ ವೀರಭದ್ರನಿಗೆ ಹೊತ್ತರು. ಅಪ್ಪುವಿಗೆ ಬೇಡಿಕೊಂಡಿರೇ ಎಂದಾಗ ಅವರು ತಲೆಯಾಡಿಸಿದರು.

"ಇಲ್ರಿ ಸರ. ಬೇಡ್ಕೋಳ್ಳಾಕ ಮನಸ್ಸ ಬರ್ಲಿಲ್ಲ. ಪಾಪ, ಅವ್ರ ಜೀವಾನ ಅವ್ರು ಉಳಿಸ್ಕೊಳ್ಳಾಕ ಆಗ್ಲಿಲ್ಲ. ಅವ್ರಿಗೆ ನಾವ್ ಕೊಡೂದ ಐತಿ, ಅವ್ರಿಂದ ಇಸ್ಕೊಳ್ಳೂದ ಏನಿಲ್ಲ."

ಕಷ್ಟ ಬಂದಾಗ ಯಾರ ಮುಂದೆ ಕೈಯೊಡ್ಡುತ್ತೇವೆ ಎಂಬುದು ಹೋಲಿಕೆಯ ನಿಜವಾದ ಪರೀಕ್ಷೆ ಎಂದು ನಾನು ತಿಳಿದಿದ್ದೇನೆ. ಆ ಪರೀಕ್ಷೆಯಲ್ಲಿ ಈ ಮನೆಯ ಅಭಿಮಾನ ಧರ್ಮದಿಂದ ಸ್ಪಷ್ಟವಾಗಿ ಬೇರೆಯಾಗುತ್ತದೆ. ಹಾಗೆಂದು ಅದು ಧರ್ಮಕ್ಕಿಂತ ಕೆಳಗಿನದು ಎಂದು ಹೇಳಲು ನನ್ನಿಂದಾಗದು. ಬೇಡುವುದೇ ಇಲ್ಲದ ಪ್ರೀತಿ ದೇವರ ಮುಂದೆಯೂ ಅಪರೂಪ. ಡಾ. ರಾಜ್‌ಕುಮಾರ್ ತಮ್ಮ ಜೀವಮಾನವಿಡೀ ವೇದಿಕೆಗಳಲ್ಲಿ ಜನರನ್ನು "ಅಭಿಮಾನಿ ದೇವರುಗಳೇ" ಎಂದು ಕರೆದು ಕೈಮುಗಿಯುತ್ತಿದ್ದರು. ಆ ಸಂಬೋಧನೆಯಲ್ಲಿ ಪೂಜೆಯ ದಿಕ್ಕು ತಿರುಗಿದೆ: ನಟ ಭಕ್ತನ ಜಾಗದಲ್ಲಿದ್ದಾನೆ, ಕೊಡುವ ದೇವರು ಕೆಳಗೆ ನೆಲದ ಮೇಲೆ ಕುಳಿತಿದ್ದಾನೆ. ಬನಹಟ್ಟಿಯ ನೇಕಾರನ ಮಾತು ಆ ಸಂಬೋಧನೆಗೆ ಎರಡನೆಯ ತಲೆಮಾರಿನಲ್ಲಿ ಸಿಕ್ಕ ಉತ್ತರದಂತೆ ನನಗೆ ಕೇಳಿಸಿತು. ಇಂಗ್ಲಿಷಿನ 'ಫ್ಯಾನ್' ಪದದ ಬೇರು ಲ್ಯಾಟಿನ್ ಭಾಷೆಯಲ್ಲಿ ಗುಡಿ ಎಂಬ ಅರ್ಥವಿರುವ ಪದದಲ್ಲಿದೆ ಎನ್ನುತ್ತಾರೆ. ನಮ್ಮ 'ಅಭಿಮಾನ'ದ ಒಳಗಿರುವುದು ಮಾನ. ನಮ್ಮವರು ಎಂಬ ಹೆಮ್ಮೆ, ನಂಟು. ಗುಡಿಯ ಬದಲು ಮನೆಯ ವಾಸನೆ ಅದರಲ್ಲಿದೆ.

ಎಲ್ಲ ಕಡೆಯೂ ಹೀಗೆಯೇ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅರ್ಜೆಂಟೀನಾದ ರೊಸಾರಿಯೊದಲ್ಲಿ ಫುಟ್‌ಬಾಲ್ ಆಟಗಾರ ಮರಡೋನನ ಹೆಸರಿನಲ್ಲಿ 1998ರಲ್ಲಿ ಅಭಿಮಾನಿಗಳು ಒಂದು 'ಚರ್ಚ್' ಸ್ಥಾಪಿಸಿ, ಅವನು ಹುಟ್ಟಿದ ವರ್ಷದಿಂದ ಕಾಲವನ್ನು ಎಣಿಸುತ್ತಾರೆ. ನಮ್ಮಲ್ಲಿಯೇ, ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, 2024ರಲ್ಲಿ ಪುನೀತ್ ಅವರಿಗೆ ಗುಡಿಯನ್ನೇ ಕಟ್ಟಲಾಯಿತು. ಮೆಟ್ಟಿಲು ಮೇಲಕ್ಕೇರಿಸಿದ ಮನೆಗಳೂ ಇವೆ, ಹಾಗಾಗಿ ಈ ಒಂದು ಮನೆಯ ತೀರ್ಮಾನ ಎಲ್ಲರದಲ್ಲ.

ಮೆಟ್ಟಿಲಿನ ಈ ವಿಚಾರ ಪಾಂಡಿತ್ಯದ ಮಾತಾಗಿ ಉಳಿಯದೆ ಜೀವದ ಮಾತಾಗುವುದು ಬೇರೊಂದು ಕಡೆ. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದರು. ತಮ್ಮ ದೇಹವನ್ನು ಹೂಳದೆ ದಹಿಸಬೇಕು, ಚಿತಾಭಸ್ಮವನ್ನು ನೀರಿನಲ್ಲಿ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ಅವರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು. ಲಕ್ಷಾಂತರ ಜನ ಸೇರಿದ್ದರು. ಗದ್ದುಗೆ ಬೇಕೆಂಬ ಆಸೆ ಅವರಲ್ಲಿ ಎಷ್ಟೋ ಜನರಿಗೆ ಇದ್ದಿರಲೇಬೇಕು, ಆದರೂ ಗುರುವಿನ 'ಬೇಡ' ಎಂಬ ಮಾತು ನಡೆಯಿತು. ಅದರ ಮರುವರ್ಷ, 2024ರ ಜನವರಿಯಲ್ಲಿ, ಪಕ್ಕದ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಅವರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ಸತ್ತರು. ಆ ನಟ ಊರಿಗೆ ಬಂದು, ಅಭಿಮಾನವನ್ನು ಹೀಗೆ ತೋರಿಸಬೇಡಿ ಎಂದು ಕೇಳಿಕೊಂಡರು. ಆ 'ಬೇಡ' ಮೂವರ ಪಾಲಿಗೆ ತಡವಾಗಿ ಬಂತು. ಗುರುವಿನ ಮಾತಿನ ಹಿಂದೆ ಅದನ್ನು ಪಾಲಿಸಲು ಕಲಿಸಿದ ಮಠ, ಹಿರಿಯರು, ವರ್ಷಗಳ ಪ್ರವಚನ ಇರುತ್ತದೆ. ನಟನ ಹಿಂದೆ ಅಂಥದ್ದು ಇರುವುದಿಲ್ಲ. ರಾತ್ರಿ ಕಂಬ ಏರುವ ಹುಡುಗನ ಅಂಗಿ ಹಿಡಿದು ಕೆಳಗಿಳಿಸುವ ಒಬ್ಬ ತಾಯಿ ಬೇಕು. ಈ ಕಾರಣಕ್ಕೆ ಬನಹಟ್ಟಿಯ ಆ ತಾಯಿಯ ಪ್ರತಿಯೊಂದು 'ಬೇಡ'ವನ್ನೂ ನಾನು ಗೌರವದಿಂದ ಬರೆದುಕೊಂಡೆ.

ಓಣಿಯ ಫ್ಲೆಕ್ಸ್ ಎರಡು ಬೇಸಿಗೆಗೆ ಬಣ್ಣ ಬಿಟ್ಟಿತು. ಹಳೆಯ ಫ್ಲೆಕ್ಸನ್ನು ನಮ್ಮಲ್ಲಿ ಕಟ್ಟಿಗೆಯ ಒಟ್ಟಿಲಿಗೆ, ಮೇವಿನ ಬಣವೆಗೆ ಹೊದಿಸುವುದು ರೂಢಿ. ಅದನ್ನು ಹೊದಿಸಲು ಯಾರಿಗೂ ಮನಸ್ಸಾಗಲಿಲ್ಲ. ಗಣಪನಂತೆ ನೀರಿಗೆ ಬಿಡುವ ಪದ್ಧತಿಯೂ ಇಲ್ಲ. ಮಗ ಅದನ್ನು ಸುರುಳಿ ಸುತ್ತಿ, ಮಗ್ಗದಲ್ಲಿ ಉಳಿದ ನೂಲಿನಿಂದ ಕಟ್ಟಿ, ಅಟ್ಟದ ಮೇಲೆ ತಂದೆಯ ಕೈಮಗ್ಗದ ಹಳೆಯ ಲಾಳಿಗಳ ಪಕ್ಕದಲ್ಲಿ ಇಟ್ಟಿದ್ದಾರೆ. ಗೆಳೆಯರು ಅಪ್ಪು ಮಾಲೆ ಹಾಕೋಣವೆಂದಾಗ ಅವರು ಒಪ್ಪಲಿಲ್ಲ. ಅದರ ಬದಲು ಕಣ್ಣುದಾನದ ಅರ್ಜಿ ತಂದು ತುಂಬಿದರು. ಸಾಕ್ಷಿಯಾಗಿ ಹೆಂಡತಿ ಸಹಿ ಹಾಕಿದರು.

ತಾಯಿಗೆ ಇದನ್ನು ಅವರು ಕೆಲವು ತಿಂಗಳು ಹೇಳಿರಲಿಲ್ಲ. ಹೂಳುವಾಗ ದೇಹ ಪೂರ್ಣವಾಗಿರಬೇಕು ಎಂದು ಅವರು ಬೇಸರ ಮಾಡಿಕೊಂಡಾರು ಎಂಬ ಅಳುಕು ಇತ್ತು. ನನ್ನ ಕೊನೆಯ ಭೇಟಿಯ ದಿನ ಆ ಮಾತು ಹೇಗೋ ಹೊರಬಿತ್ತು. ತಾಯಿ ಬಾಗಿಲ ಹೊಸ್ತಿಲ ಬಳಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಸತ್ತ ಮೇಲೆ ಎಷ್ಟು ಹೊತ್ತಿನೊಳಗೆ ತೆಗೆಯುತ್ತಾರೆ, ಮುಖ ಕೆಡುತ್ತದೆಯೇ ಎಂದು ನನ್ನನ್ನು ಕೇಳಿದರು. ಆರು ತಾಸಿನೊಳಗೆ ತೆಗೆಯುತ್ತಾರೆ, ಮುಖ ಕೆಡುವುದಿಲ್ಲ ಎಂದೆ. ಅವರು ಮೊರದೊಳಗಿನ ಒಂದು ಹರಳನ್ನು ಹೆಕ್ಕಿ ಹೊರಗೆ ಎಸೆದರು.

"ನಂದು ಎರಡೂ ಕಣ್ಣಿಂದು ಪೊರಿ ತಗಸ್ಯಾರ್ರಿ. ಅಂಥಾವು ನಡೀತಾವೇನು?"

ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು ಎಂದು ಹೇಳಿದೆ. ಅವರು ಮಗನ ಕಡೆ ನೋಡಿ, ಇನ್ನೊಂದು ಅರ್ಜಿ ತರಲು ಹೇಳಿದರು.